ಜೀಪಿಗೆ ಸೂರು ಕಟ್ಟಿದವರು

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ರಸ್ತೆಗಳಲ್ಲಿ ಹಳೆಯ ಜೀಪೊಂದು ನಿಂತಿದ್ದರೆ ನಾವು ಮೊದಲು ನೋಡುವುದು ಅದರ ತಲೆಯನ್ನು. ಕೆಳಗಿನ ಒಡಲು ಕಂಪನಿಯದು. ಬಾನೆಟ್ಟಿನ ಮೇಲೆ ಹೆಸರಿದೆ, ಎಂಜಿನ್ನಿಗೆ ನಂಬರಿದೆ, ಚಾಸಿಗೂ ನಂಬರಿದೆ. ಮೇಲಿನ ಗಟ್ಟಿ ಟಾಪಿಗೆ ಹೆಸರೂ ಇಲ್ಲ, ನಂಬರೂ ಇಲ್ಲ. ಯಾವುದೋ ಗಲ್ಲಿಯ ಶೆಡ್ಡಿನಲ್ಲಿ ಯಾರೋ ಒಬ್ಬ ಟಿಂಕರ್ ಆ ಒಂದು ಗಾಡಿಗೆಂದೇ ಅಳೆದು, ಕತ್ತರಿಸಿ, ಬಡಿದು ಮಾಡಿದ್ದು ಅದು. ಬೇಸಿಗೆಯಲ್ಲಿ ಬೋಲ್ಟು ಬಿಚ್ಚಿ ಇಳಿಸಿಡಬಹುದು, ಮಳೆಗಾಲಕ್ಕೆ ಮತ್ತೆ ಏರಿಸಬಹುದು. ನಮ್ಮ ವಾಹನೋದ್ಯಮದ ಚರಿತ್ರೆ ಬರೆಯುವವರು ಕಂಪನಿಗಳ ಹುಟ್ಟು, ಪಾಲುದಾರಿಕೆ, ಲೈಸೆನ್ಸುಗಳ ಬಗ್ಗೆ ಬರೆಯುತ್ತಾರೆ. ಈ ಟಾಪನ್ನು ಮಾಡಿದ ಕೈಗಳ ಮಾತು ಅಲ್ಲಿ ಬರುವುದು ಅಪರೂಪ. ಹಾಗಾಗಿ ನಾವು ಟಾಪಿನಿಂದಲೇ ಶುರು ಮಾಡುತ್ತೇವೆ.

ಜೀಪು ಹುಟ್ಟಿದ್ದೇ ಸೂರಿಲ್ಲದೆ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಹಗುರವಾದ ಗಾಡಿಯೊಂದನ್ನು ಮಾಡಿಕೊಡುವಂತೆ ಕಂಪನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿ ತಯಾರಿಸಿತು. ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ವಿಲ್ಲಿಸ್ ಮತ್ತು ಫೋರ್ಡ್. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ಶತ್ರುವಿನ ಕಣ್ಣಿಗೆ ಬೀಳದಂತೆ ತಗ್ಗಾಗಿರಬೇಕು, ಮುಂಗಾಜು ಬಾನೆಟ್ಟಿನ ಮೇಲೆ ಮಡಚಿಕೊಳ್ಳಬೇಕು, ಹಡಗಿನಲ್ಲಿ ಕಡಿಮೆ ಜಾಗ ಹಿಡಿಯಬೇಕು ಎಂಬ ಷರತ್ತುಗಳ ನಡುವೆ ಗಟ್ಟಿ ಸೂರಿನ ಮಾತೇ ಏಳಲಿಲ್ಲ. ಕಬ್ಬಿಣದ ಕಮಾನು, ಅದರ ಮೇಲೊಂದು ಕ್ಯಾನ್ವಾಸ್ ಬಟ್ಟೆ, ಅಷ್ಟೇ. ಯುದ್ಧದ ನಂತರ ಸೇನೆ ಬಿಟ್ಟುಹೋದ ಈ ಗಾಡಿಗಳು ಡಿಸ್ಪೋಸಲ್ ಮಾಲಾಗಿ ನಮ್ಮ ಊರುಗಳಿಗೂ ಬಂದವು. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಜೀಪು ಒಂದು ಸಾಕುಪ್ರಾಣಿಯ ಹಾಗೆ ಸೇರಿಕೊಂಡಿತು. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆಗೆ ಕ್ಯಾನ್ವಾಸ್ ಎಷ್ಟು ದಿನ ತಡೆದೀತು? ಹೊಲಿಗೆ ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ, ಪಕ್ಕದ ಪರದೆ ಗಾಳಿಗೆ ಪಟಪಟ ಬಡಿಯುತ್ತದೆ. ಯುದ್ಧದ ಗಾಡಿಯನ್ನು ಸಂಸಾರದ ಗಾಡಿ ಮಾಡುವ ಕೆಲಸ ಯಾರಾದರೂ ಮಾಡಲೇಬೇಕಿತ್ತು.

ಭಾರತದಲ್ಲಿ ಜೀಪು ಜೋಡಿಸಿದ ಕಂಪನಿಯ ಹೆಸರಿನಲ್ಲೂ ಒಂದು ಕಥೆ ಇದೆ. 1945ರ ಅಕ್ಟೋಬರ್ 2ರಂದು ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಶುರುವಾದ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಎಂಬ ಸೋದರರ ಜೊತೆಗಿದ್ದ ಪಾಲುದಾರ ಮಲಿಕ್ ಗುಲಾಮ್ ಮೊಹಮ್ಮದ್. ಆಲಿಗಢದಲ್ಲಿ ಓದಿದವರು; ಹೈದರಾಬಾದಿನ ನಿಜಾಮರ ಸರ್ಕಾರದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು. 1947ರಲ್ಲಿ ದೇಶ ಒಡೆದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅಚ್ಚಾಗಿದ್ದ ಕಾಗದ ಪತ್ರಗಳು ವ್ಯರ್ಥವಾಗದಿರಲೆಂದು ಎರಡು 'ಎಂ'ಗಳನ್ನು ಉಳಿಸಿಕೊಂಡರು ಎಂಬ ಮಾತು ಚಾಲ್ತಿಯಲ್ಲಿದೆ. 1954ರಲ್ಲಿ ತಮ್ಮ ದೇಶದ ಸಂವಿಧಾನ ಸಭೆಯನ್ನೇ ವಿಸರ್ಜಿಸಿದ ಗುಲಾಮ್ ಮೊಹಮ್ಮದರ ರಾಜಕೀಯದ ಬಗ್ಗೆ ನಮಗೆ ವಿಶೇಷ ಗೌರವವೇನೂ ಇಲ್ಲ. ಅವರು ಹೋದದ್ದು ತಮ್ಮ ಇಚ್ಛೆಯಿಂದ. ನಾವು ಹೇಳಹೊರಟಿರುವುದು ಬೇರೆ. ಬಾನೆಟ್ಟಿನ ಮೇಲಿನ ಹೆಸರಿನಿಂದ ಒಬ್ಬ ಮೊಹಮ್ಮದ್ ಹೊರಟುಹೋದ ಮೇಲೂ, ಜೀಪಿನ ಕೆಳಗೆ ಮಲಗಿ, ಮೇಲೆ ಹತ್ತಿ ಕೆಲಸ ಮಾಡುವ ಮೊಹಮ್ಮದರು ಈ ದೇಶದ ಪ್ರತಿ ಊರಿನಲ್ಲೂ ಉಳಿದರು. ಅವರು ಎಲ್ಲಿಗೂ ಹೋಗಲಿಲ್ಲ. ಅವರ ಹೆಸರು ಮಾತ್ರ ಯಾವ ಬಾನೆಟ್ಟಿನ ಮೇಲೂ ಬರಲಿಲ್ಲ.

ಗಟ್ಟಿ ಟಾಪಿನ ಕಲ್ಪನೆ ಹೊರದೇಶಗಳಲ್ಲಿ ಬಲುಬೇಗ ಕಾರ್ಖಾನೆಯ ಒಳಗೆ ಹೋಯಿತು. ಇಂಗ್ಲೆಂಡಿನ ಲ್ಯಾಂಡ್ ರೋವರ್ 1950ರ ಹೊತ್ತಿಗೇ ಗಟ್ಟಿ ಟಾಪಿನ ಗಾಡಿ ಕೊಡತೊಡಗಿತ್ತು. ಅಮೆರಿಕದಲ್ಲಿ 1960ರ ದಶಕದ ಇಂಟರ್‌ನ್ಯಾಷನಲ್ ಸ್ಕೌಟ್, ಫೋರ್ಡ್ ಬ್ರಾಂಕೊ ಗಾಡಿಗಳಿಗೆ ಬಿಚ್ಚಿಡಬಹುದಾದ ಉಕ್ಕಿನ ಟಾಪುಗಳಿದ್ದವು. 1976ರಲ್ಲಿ ಬಂದ ಜೀಪ್ ಸಿ.ಜೆ.-7ಕ್ಕೆ ಅಚ್ಚಿನಲ್ಲಿ ಎರಕಹೊಯ್ದ ಪ್ಲಾಸ್ಟಿಕ್ ಟಾಪು ಸಿಗುತ್ತಿತ್ತು. ನಮ್ಮಲ್ಲಿ ಹಾಗಾಗಲಿಲ್ಲ. ಇಲ್ಲಿ ಲಾರಿ, ಬಸ್ಸುಗಳನ್ನೂ ಕಂಪನಿಗಳು ಬರೀ ಚಾಸಿಯಾಗಿ ಮಾರುವುದು, ಮೇಲಿನ ಬಾಡಿಯನ್ನು ಊರಿನ ಬಾಡಿ ಬಿಲ್ಡರ್ ಕಟ್ಟುವುದು ಬಹುಕಾಲದ ರೂಢಿ. ಜೀಪು ಕೂಡ ದಶಕಗಳ ಕಾಲ ಹೆಚ್ಚಾಗಿ ಕ್ಯಾನ್ವಾಸಿನ ಗಾಡಿಯಾಗಿಯೇ ಮಾರಾಟವಾಯಿತು. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ ಮುಂದೆ ಎರಡೂ ರೂಪಗಳಲ್ಲಿ ಸಿಗುತ್ತಿತ್ತು. ಆದರೆ 2010ರಲ್ಲಿ ಬಂದ ಮೊದಲ ಥಾರ್ ಗಾಡಿಯೂ ಬಟ್ಟೆಯ ಟಾಪಿನಲ್ಲೇ ಬಂತು. ಹೀಗೆ ಅರವತ್ತು ವರ್ಷಕ್ಕೂ ಮಿಕ್ಕಿ ಕಂಪನಿ ಬಿಟ್ಟ ಜಾಗವನ್ನು ಗಲ್ಲಿಯವರು ತುಂಬಿದರು.

ಈ ಗಲ್ಲಿಯವರು ಎಲ್ಲಿಂದ ಬಂದರು? ಹಳೆಯ ಮೈಸೂರು ಸೀಮೆಯಲ್ಲಿ ಜಟಕಾ ಹೊಡೆಯುವವರಲ್ಲಿ ಮುಸ್ಲಿಮರ ಸಂಖ್ಯೆ ಹೆಚ್ಚು. ಕನ್ನಡ ಕಥೆ, ನಾಟಕ, ಸಿನಿಮಾಗಳು ಜಟಕಾ ಸಾಬಿಯನ್ನು ಒಂದು ಪಾತ್ರವಾಗಿ, ಅನೇಕ ಸಲ ನಗೆಯ ಪಾತ್ರವಾಗಿ ಕಂಡಿವೆ. ಆ ಜಟಕಾದ ಕಮಾನಿನ ಸೂರನ್ನು ಯಾರೂ ಅಷ್ಟು ಗಮನಿಸಲಿಲ್ಲ. ಬಾಗಿಸಿದ ಪಟ್ಟಿ, ಅದರ ಮೇಲೆ ಹೊದಿಕೆ, ಒಳಗೆ ಬಟ್ಟೆಯ ಅಸ್ತರಿ, ನೀರು ಇಳಿಯಲು ಅಂಚಿನಲ್ಲಿ ಇಳಿಜಾರು: ಜೀಪಿನ ಟಾಪಿಗೆ ಬೇಕಾದ ಬುದ್ಧಿಯೆಲ್ಲ ಅಲ್ಲಿದೆ. ಇದರಲ್ಲಿ ವಿಶ್ವಕರ್ಮದ ಬಡಗಿ, ಕಮ್ಮಾರರ ಕೆಲಸವೂ ಇತ್ತು. ಒಬ್ಬರ ಕಸುಬನ್ನು ಇನ್ನೊಬ್ಬರು ನೋಡಿ ಕಲಿತದ್ದೇ ಹೆಚ್ಚು. ಕುದುರೆ ಗಾಡಿ ಮೂಲೆಗೆ ಸರಿದಂತೆ ಲಾಳ ಬಡಿಯುವ, ತಗಡು ಬಗ್ಗಿಸುವ, ಮೆತ್ತೆ ಹೊಲಿಯುವ ಕೈಗಳಲ್ಲಿ ಎಷ್ಟೋ ಮೋಟಾರಿನ ಕಡೆ ತಿರುಗಿದವು. ಅದೇ ಕಾಲದಲ್ಲಿ ಬೆಂಗಳೂರು ತಗಡಿನ ಊರಾಗುತ್ತಿತ್ತು. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಸಾಲದೆ ಬಸ್ಸಿನ ಬಾಡಿ, ರೈಲು ಬೋಗಿಗಳನ್ನು ಕಟ್ಟಿತು. ಹಲಸೂರಿನಲ್ಲಿ ಸೇನೆಯ ವರ್ಕ್‌ಶಾಪು. ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಗಾಡಿಗಳ ಬಿಡಿಭಾಗ. ಜೆ.ಸಿ. ರಸ್ತೆಯಲ್ಲಿ ರಬ್ಬರು, ಬೀಡಿಂಗು, ಹ್ಯಾಂಡಲು. ಕಲಾಸಿಪಾಳ್ಯದ ಕಡೆ ಲಾರಿ ಬಾಡಿ. 2006ರ ಸಾಚಾರ್ ಸಮಿತಿ ವರದಿ, ಮುಸ್ಲಿಮ್ ದುಡಿಯುವವರು ಹೆಚ್ಚಾಗಿ ಸೇರಿರುವ ಸ್ವಂತ ದುಡಿಮೆಯ ಕ್ಷೇತ್ರಗಳಲ್ಲಿ ವಾಹನ ರಿಪೇರಿಯನ್ನೂ ಲೋಹದ ಕೆಲಸವನ್ನೂ ಹೆಸರಿಸಿತು. ಶಾಲೆ ಬಿಟ್ಟ ಹುಡುಗನಿಗೆ ಅರ್ಜಿ, ಸಂದರ್ಶನ ಇಲ್ಲದೆ ಸಿಗುವ ಕೆಲಸ ಉಸ್ತಾದರ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುವುದು. ಇದನ್ನು ಸಮುದಾಯದ 'ಸಹಜ ಪ್ರತಿಭೆ' ಎಂದು ಹೊಗಳುವವರ ಜೊತೆ ನಮಗೆ ಒಪ್ಪಿಗೆಯಿಲ್ಲ. ಬೇರೆ ಬಾಗಿಲುಗಳು ಮುಚ್ಚಿದ್ದವು ಎಂಬುದನ್ನೂ ಜೊತೆಗೇ ಹೇಳಬೇಕು.

ದಕ್ಷಿಣ ಬೆಂಗಳೂರಿನ ನಕ್ಷೆಯಲ್ಲೂ ಇದನ್ನು ಓದಬಹುದು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಅಳೆದು ಕಟ್ಟಿದ ಬಡಾವಣೆ. ಬ್ಲಾಕು, ಪಾರ್ಕು, ಸಾಲುಮರ. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳ ಮೊದಲಕ್ಷರ ಸೇರಿಸಿ ಬಿಟಿಎಂ ಲೇಔಟ್. ಈ ಬಡಾವಣೆಗಳ ನಡುವೆ, ಅಂಚಿನಲ್ಲಿ, ಸಿದ್ದಾಪುರ, ತಿಲಕನಗರ, ಗುರಪ್ಪನಪಾಳ್ಯ, ಯಾರಬ್ ನಗರ, ಇಲಿಯಾಸ್ ನಗರಗಳಿವೆ. ಕಾರು ನಿಲ್ಲುವುದು ಅತ್ತ, ಕಾರು ಬಿಚ್ಚುವುದು ಇತ್ತ. 1990ರ ನಂತರ ಸಾಫ್ಟ್‌ವೇರ್ ದುಡ್ಡು ಬಂದಾಗ ಬಿಟಿಎಂ, ಜೆ.ಪಿ. ನಗರದ ಹುಡುಗರು ಸೇನೆಯ ಹರಾಜಿನ ಜೀಪು, ಹಳೆಯ ಎಂ.ಎಂ. 540, ಜಿಪ್ಸಿಗಳನ್ನು ಕೊಂಡು ವಾರದ ಕೊನೆಗೆ ಕನಕಪುರ, ರಾಮನಗರ, ಸಕಲೇಶಪುರದ ಕಲ್ಲು-ಕೆಸರಿಗೆ ಇಳಿಯತೊಡಗಿದರು. ಅವರಿಗೆ ಭಾನುವಾರ ಟಾಪಿಲ್ಲದ ಜೀಪು ಬೇಕು, ಸೋಮವಾರ ಆಫೀಸಿಗೆ ಹೋಗಲು ಮಳೆ ಬೀಳದ ಜೀಪು ಬೇಕು. ಬಿಚ್ಚಿ ಹಾಕುವ ಗಟ್ಟಿ ಟಾಪಿನ ಬೇಡಿಕೆ ಹೀಗೆ ಬೆಳೆಯಿತು. ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸಿಕೊಂಡು ಬರುವ ಎಂಜಿನಿಯರು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆಯುವ ಮೇಸ್ತ್ರಿ, ಇಬ್ಬರೂ ಒಂದೇ ಜೀಪಿನ ಸುತ್ತ ನಿಂತು ವಾದ ಮಾಡುವುದನ್ನು ನಾವು ನೋಡಿದ್ದೇವೆ. ಸಾಮಾನ್ಯವಾಗಿ ಸೀಮೆಸುಣ್ಣವೇ ಗೆಲ್ಲುತ್ತದೆ.

ಅದಕ್ಕೆ ಕಾರಣವಿದೆ. ಕಂಪನಿಯ ನಕ್ಷೆಯಲ್ಲಿ ಜೀಪಿನ ಎಡ-ಬಲ ಒಂದೇ ಸಮ. ಇಪ್ಪತ್ತು ವರ್ಷ ಓಡಿದ ಜೀಪಿನಲ್ಲಿ ಹಾಗಿರುವುದಿಲ್ಲ. "ಗಾಡಿ ಎರಡು ಕಡೆ ಒಂದೇ ಸಮ ಇರಲ್ಲ ಸಾರ್, ಮನುಷ್ಯರ ಮುಖ ಇದ್ದ ಹಾಗೆ" ಎಂದು ಗುರಪ್ಪನಪಾಳ್ಯದ ಮೇಸ್ತ್ರಿಯೊಬ್ಬರು ನಮಗೆ ಹೇಳಿದರು. ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಾಕಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯುತ್ತಾರೆ. ಎರಡು ಕರ್ಣಗಳು ಸಮವಿಲ್ಲದಿದ್ದರೆ ತೊಟ್ಟಿ ವಾರೆಯಾಗಿದೆ ಎಂದರ್ಥ. ಲೆಕ್ಕ ಇಂಚಿನಲ್ಲಿ, ಇಂಚಿನ ಎಂಟನೇ ಒಂದು ಭಾಗ ಕನ್ನಡದ ಬಡಗಿಗೆ ನೂಲು, ಉರ್ದು ಮಾತಾಡುವ ಟಿಂಕರನಿಗೆ ಸೂತ್. ಎರಡಕ್ಕೂ ಅರ್ಥ ದಾರವೇ. ಮೀಟರು, ಮಿಲಿಮೀಟರು ಬಂದು ಅರವತ್ತು ವರ್ಷ ಕಳೆದರೂ ಜೀಪಿನ ಕೆಲಸ ಸೂತಿನಲ್ಲೇ ನಡೆಯುತ್ತದೆ. ಜೀಪು ಇಂಚಿನ ಗಾಡಿಯಲ್ಲವೇ!

ಅಳತೆಯಾದ ಮೇಲೆ ರಟ್ಟಿನಲ್ಲೋ ತೆಳು ಪ್ಲೈವುಡ್ಡಿನಲ್ಲೋ ಪಡಿಯಚ್ಚು. ಮುಂಗಾಜಿನ ಚೌಕಟ್ಟಿನ ಮೇಲಂಚು ನೇರವಾಗಿ ಕಂಡರೂ ಸ್ವಲ್ಪ ಬಾಗಿರುತ್ತದೆ. ಅಲ್ಲಿ ಒಂದು ಸೂತ್ ತಪ್ಪಿದರೆ ಮಳೆ ನೀರು ನೇರ ಡ್ರೈವರನ ಮೊಣಕಾಲಿಗೆ. ಆಮೇಲೆ ಚೌಕ ಪೈಪಿನ ಹಂದರ. ಇದನ್ನು ನೆಲದ ಮೇಲೆ ಕಟ್ಟಿ ತಂದು ಕೂರಿಸಿದರೆ ಕೂರುವುದಿಲ್ಲ. ಗಾಡಿಯ ಮೇಲೆಯೇ ಇಟ್ಟು ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್ ಹಾಕಿ, ಇಳಿಸಿ, ಆಮೇಲೆ ಪೂರ್ತಿ ಬೆಸೆಯಬೇಕು. ಬೆಸೆಯುವಾಗ ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ಹಂದರ ಸೊಟ್ಟಗಾಗುತ್ತದೆ. ಈ ಕಡೆ ಎರಡು ಇಂಚು, ಆ ಕಡೆ ಎರಡು ಇಂಚು, ನಡುವೆ ಒಂದು ಚಹಾ. ಚಹಾ ಕುಡಿಯುವುದು ಸೋಮಾರಿತನ ಎಂದು ತಿಳಿಯುವ ಗಿರಾಕಿಗಳಿದ್ದಾರೆ. ಲೋಹ ತಣ್ಣಗಾಗಲು ಹೊತ್ತು ಬೇಕು.

ಮೇಲೆ ಹೊದಿಸುವ ತಗಡಿನ ಆಯ್ಕೆಯಲ್ಲಿ ತೂಕದ ಪ್ರಶ್ನೆ ಬರುತ್ತದೆ. 1.2 ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ಒಂಬತ್ತೂವರೆ ಕಿಲೋದ ಹತ್ತಿರ ತೂಗುತ್ತದೆ, 0.9 ಮಿಲಿಮೀಟರಿನದು ಏಳು ಕಿಲೋ. ನೆತ್ತಿ, ಎರಡು ಪಕ್ಕ, ಹಿಂಬದಿ ಸೇರಿದರೆ ನಾಲ್ಕೈದು ಚದರ ಮೀಟರ್. ಪೈಪು, ಗಾಜು ಸೇರಿಸಿದರೆ ಟಾಪೊಂದು ಸುಲಭವಾಗಿ 60-70 ಕಿಲೋ ಆಗುತ್ತದೆ. ಇಷ್ಟು ಭಾರ ಗಾಡಿಯ ನೆತ್ತಿಯ ಮೇಲೆ ಕೂತರೆ ಓರೆ ದಾರಿಯಲ್ಲಿ ಜೀಪು ಮಗುಚುವ ಭಯ ಹೆಚ್ಚು. ಬಿಚ್ಚಲು ನಾಲ್ಕು ಜನ ಬೇಕು. ತಗಡು ತೆಳುವಾದರೆ ನೆತ್ತಿ ತಮಟೆಯ ಹಾಗೆ ಬಡಿದುಕೊಳ್ಳುತ್ತದೆ. ಇದಕ್ಕೆ ಮೇಸ್ತ್ರಿಗಳ ಉಪಾಯ, ತೆಳು ತಗಡಿಗೇ ಮರದ ಕೊರಡಿನ ಮೇಲೆ ಬಡಿದು ಉದ್ದುದ್ದ ಏಣು ಎಬ್ಬಿಸುವುದು, ನಡುವೆ ಕೊಂಚ ಉಬ್ಬು ಕೊಡುವುದು. ಏಣಿನಿಂದ ಗಟ್ಟಿತನ ಬರುತ್ತದೆ, ಉಬ್ಬಿನಿಂದ ನೀರು ನಿಲ್ಲದೆ ಅಂಚಿನ ಗಟಾರಕ್ಕೆ ಹರಿಯುತ್ತದೆ. ಜಟಕಾದ ಕಮಾನು ನೆನಪಾಗುವುದು ಇಲ್ಲಿಯೇ.

ಅತ್ಯಂತ ಕಷ್ಟದ ಕೆಲಸ ಜೋಡಣೆಯದು. ಜೀಪಿನ ಚಾಸಿ ಏಣಿಯ ಹಾಗಿದೆ. ಒಂದು ಚಕ್ರ ಕಲ್ಲು ಹತ್ತಿ ಇನ್ನೊಂದು ಗುಂಡಿಗೆ ಇಳಿದಾಗ ಅದು ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಬೇಕು ಕೂಡ. ಮೇಲಿನ ಟಾಪು ಪೆಟ್ಟಿಗೆಯಂತೆ ಬಿಗಿ. ಎರಡನ್ನೂ ನೇರವಾಗಿ ಬೋಲ್ಟಿನಿಂದ ಬಿಗಿದರೆ ಮೊದಲ ಪಯಣದಲ್ಲೇ ಗಾಜು ಸೀಳುತ್ತದೆ, ಇಲ್ಲವೇ ಮೂಲೆಯ ಬೆಸುಗೆ ಬಿಡುತ್ತದೆ. ಹಾಗಾಗಿ ಪ್ರತಿ ಬೋಲ್ಟಿನ ಕೆಳಗೆ ದಪ್ಪ ರಬ್ಬರಿನ ಬಿಲ್ಲೆ, ತೊಟ್ಟಿಯ ಅಂಚಿನ ಉದ್ದಕ್ಕೂ ಬೀಡಿಂಗು, ಮುಂದೆ ಮುಂಗಾಜಿನ ಚೌಕಟ್ಟಿಗೆ ಎಳೆದು ಬಿಗಿಯುವ ಕೊಂಡಿ. ಗಾಜಿನದು ಇನ್ನೊಂದು ಸಂಕಟ. ಬಲಪಡಿಸಿದ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಪುಡಿಪುಡಿಯಾಗುತ್ತದೆ. ಒಂದೋ ಅಳತೆಗೆ ಕತ್ತರಿಸಿದ ಮೇಲೆ ಅದನ್ನು ಬಿಸಿಗೆ ಕಳಿಸಬೇಕು, ಇಲ್ಲವೇ ಗುಜರಿಯಿಂದ ಯಾವುದೋ ವ್ಯಾನಿನ ಜಾರುಗಾಜು ತಂದು ಅದಕ್ಕೆ ತಕ್ಕಂತೆ ಕಿಟಕಿ ಮಾಡಬೇಕು. ಎರಡನೆಯದೇ ಅಗ್ಗ. ಗಾಡಿಯ ಕಿಟಕಿ ನೋಡಿ ಗಾಜು ಕೊಳ್ಳುವುದು ಕಾರ್ಖಾನೆಯ ಪದ್ಧತಿಯಾದರೆ, ಸಿಕ್ಕಿದ ಗಾಜು ನೋಡಿ ಕಿಟಕಿ ಕತ್ತರಿಸುವುದು ಇಲ್ಲಿನ ಪದ್ಧತಿ.

ಪರೀಕ್ಷೆಗೆ ಯಂತ್ರವಿಲ್ಲ. ರಾತ್ರಿ ಶೆಡ್ಡಿನ ದೀಪ ಆರಿಸಿ, ಒಬ್ಬ ಹುಡುಗನನ್ನು ಜೀಪಿನೊಳಗೆ ಕೂರಿಸಿ ಬಾಗಿಲು ಹಾಕುತ್ತಾರೆ. ಹೊರಗಿನಿಂದ ಇನ್ನೊಬ್ಬ ಟಾರ್ಚು ಹಿಡಿದು ಸುತ್ತುತ್ತಾನೆ. ಬೆಳಕು ಬಂದ ಕಡೆ ನೀರು ಬರುತ್ತದೆ. ಒಳಗಿನ ಹುಡುಗ ಕೂಗಿ ಹೇಳಿದ ಕಡೆಯಲ್ಲೆಲ್ಲ ಸೀಮೆಸುಣ್ಣದ ಗುರುತು. ಬೆಳಿಗ್ಗೆ ಪೈಪಿನಲ್ಲಿ ನೀರು ಹೊಡೆದು ಮತ್ತೊಮ್ಮೆ ನೋಡುತ್ತಾರೆ. ಹಿಂಬಾಗಿಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಮುಚ್ಚಿದ ಟಾಪಿನ ಗಾಡಿ ಓಡುವಾಗ ಹಿಂದೆ ಗಾಳಿಯ ಒತ್ತಡ ಇಳಿದು, ಸಂದಿ ಇದ್ದರೆ ಧೂಳಷ್ಟೇ ಅಲ್ಲ, ಸೈಲೆನ್ಸರಿನ ಹೊಗೆಯೂ ಒಳಗೆ ಎಳೆದುಕೊಳ್ಳುತ್ತದೆ. ಕೊನೆಗೆ ಕುಶನ್ ಕೆಲಸದವರು ಬಂದು ಒಳಗೆ ಫೆಲ್ಟು, ರೆಕ್ಸಿನ್ ಅಂಟಿಸಿದರೆ ಬಿಸಿಲಿನ ಕಾವೂ ಸದ್ದೂ ಕಡಿಮೆಯಾಗುತ್ತದೆ.

ಹಗುರ ಬೇಕೆನ್ನುವವರಿಗೆ ಫೈಬರ್. ಈ ವಿದ್ಯೆಗೂ ಬೆಂಗಳೂರಿನಲ್ಲಿ ಹಳೆಯ ಬೇರಿದೆ. 1970ರ ದಶಕದಲ್ಲಿ ಇಲ್ಲಿನ ಸನ್‌ರೈಸ್ ಕಂಪನಿ ಬಾದಲ್ ಎಂಬ ಫೈಬರ್ ಮೈಯ ಮೂರು ಚಕ್ರದ ಕಾರು ಮಾಡಿತು. 1982ರಲ್ಲಿ ಅದೇ ಬಳಗದಿಂದ ಸಿಪಾನಿ ಡಾಲ್ಫಿನ್ ಬಂತು. ಕಾರು ಹೆಚ್ಚು ಕಾಲ ಬಾಳಲಿಲ್ಲ. ಆದರೆ ಗಾಜಿನ ನಾರಿನ ಮ್ಯಾಟು ಹಾಸಿ ರೆಸಿನ್ ಬಳಿದು ಗಾಡಿಯ ಮೈ ಕಟ್ಟಬಹುದು ಎಂಬುದನ್ನು ಈ ಊರು ಕಣ್ಣಾರೆ ಕಂಡಿತು. ಜೀಪಿನ ಟಾಪಿಗೆ ಮೊದಲು ಪ್ಲೈವುಡ್ಡು, ಪುಟ್ಟಿಯಲ್ಲಿ ಪೂರ್ತಿ ಮಾದರಿ ಮಾಡಿ, ಉಜ್ಜಿ, ಮೇಣ ಹಚ್ಚಿ, ಅದರಿಂದ ಅಚ್ಚು ತೆಗೆದು, ಅಚ್ಚಿನಿಂದ ಟಾಪು ತೆಗೆಯುತ್ತಾರೆ. ಮೂರು ಮಿಲಿಮೀಟರ್ ದಪ್ಪದ ಫೈಬರ್ ಉಕ್ಕಿನ ಅರ್ಧ ತೂಕದ ಆಸುಪಾಸು. ಮಾದರಿ ಮಾಡಲು ತಿಂಗಳೇ ಬೇಕಾದೀತು. ಒಂದೇ ಗಾಡಿಗಾಗಿ ಮಾಡಿದರೆ ಗಿಟ್ಟುವುದಿಲ್ಲ. ರೆಸಿನ್ನಿನ ಘಾಟು ಎದೆಗೆ, ನಾರಿನ ಧೂಳು ಚರ್ಮಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡುವ ಹುಡುಗರನ್ನು ನೋಡಿದಾಗ ಕುಶಲತೆಯ ಹೊಗಳಿಕೆ ನಮ್ಮ ಗಂಟಲಲ್ಲೇ ನಿಲ್ಲುತ್ತದೆ.

ಈ ಕೆಲಸ ಕಾನೂನಿನ ಕಣ್ಣಿಗೆ ಏನು? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೊದಲು ಸ್ವಲ್ಪ ಸಡಿಲವಾಗಿತ್ತು. ನೋಂದಣಿ ಅಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು ಗಾಡಿಯಲ್ಲಿ ಬದಲಾವಣೆ ಮಾಡಿಕೊಳ್ಳಬಹುದಿತ್ತು. 2000ದ ತಿದ್ದುಪಡಿ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಬದಲಿಸಕೂಡದು ಎಂದಿತು. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು.

ಕೋರ್ಟಿನ ಕಳಕಳಿ ಸುಳ್ಳೆಂದು ನಾವು ಹೇಳಲಾರೆವು. ಗಲ್ಲಿಯ ಟಾಪು ಮಳೆ ತಡೆಯುತ್ತದೆ, ಗಾಡಿ ಮಗುಚಿದಾಗ ತಲೆ ಉಳಿಸುತ್ತದೆ ಎಂಬ ಖಾತರಿಯಿಲ್ಲ. ಅದನ್ನು ನಂಬಿ ಒಳಗಿನ ರೋಲ್ ಬಾರ್ ಕತ್ತರಿಸಿಸಿದವರೂ ಇದ್ದಾರೆ. ತಪ್ಪಿದರೆ ಪ್ರಾಣದ ಮಾತು. ಆದರೆ ಸುರಕ್ಷತೆಯ ಪ್ರಮಾಣಪತ್ರ ಪಡೆಯುವ ದಾರಿ ಯಾರಿಗೆ ತೆರೆದಿದೆ ಎಂಬುದನ್ನೂ ಕೇಳಬೇಕು. ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಯಲ್ಲಿ ಮಾದರಿಯನ್ನು ಪರೀಕ್ಷೆಗೊಡ್ಡುವುದು ಸಾವಿರಾರು ಗಾಡಿ ಮಾರುವ ಕಂಪನಿಗೆ ಖರ್ಚಿನ ಒಂದು ಬಾಬ್ತು. ವರ್ಷಕ್ಕೆ ಬೆರಳೆಣಿಕೆಯ ಟಾಪು ಮಾಡುವ, ಪ್ರತಿ ಟಾಪೂ ಬೇರೆಬೇರೆ ಅಳತೆಯದಾಗಿರುವ ಟಿಂಕರನಿಗೆ ಅದು ಆಗದ ಮಾತು. ಅವನ ಕೆಲಸ ಪರೀಕ್ಷೆಯಲ್ಲಿ ಸೋತು ಹೊರಗುಳಿದದ್ದಲ್ಲ. ಪರೀಕ್ಷೆಯ ಕೋಣೆಯೊಳಗೆ ಹೋಗಲೇ ಇಲ್ಲ. ಬಸ್ಸು, ಲಾರಿಗಳ ಬಾಡಿಗೆ ಸರ್ಕಾರ ಕೋಡು ಬರೆಯಿತು, ಬಾಡಿ ಕಟ್ಟುವವರಿಗೆ ಮಾನ್ಯತೆಯ ಏರ್ಪಾಟು ಮಾಡಿತು. ಜೀಪಿನ ಟಾಪಿನವರನ್ನು ಹಾಗೆ ಕರೆದು ಕೂರಿಸಿ, ಇಷ್ಟು ದಪ್ಪ, ಇಂಥ ಗಾಜು, ಇಷ್ಟು ಬೋಲ್ಟು ಎಂದು ಹೇಳಬಹುದಿತ್ತಲ್ಲ?

2020ರ ಅಕ್ಟೋಬರ್ 2ರಂದು, ಲೂಧಿಯಾನದ ಆ ಪಾಲುದಾರಿಕೆಗೆ ಸರಿಯಾಗಿ 75 ವರ್ಷ ತುಂಬಿದ ದಿನ, ಮಹೀಂದ್ರ ಕಂಪನಿ ಹೊಸ ಥಾರ್ ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಕಾರ್ಖಾನೆಯಲ್ಲೇ ಮಾಡಿದ ಗಟ್ಟಿ ಟಾಪಿನ ಮಾದರಿ ಇತ್ತು. ಗಲ್ಲಿಯವರು ದಶಕಗಳಿಂದ ಕೊಡುತ್ತಿದ್ದುದು ಈಗ ನಕ್ಷೆ, ನಂಬರು, ಗ್ಯಾರಂಟಿಯ ಸಮೇತ ಷೋರೂಮಿನಲ್ಲಿ ಸಿಗತೊಡಗಿತು. ಜನ ಗಟ್ಟಿ ಟಾಪಿಗೆ ದುಡ್ಡು ಕೊಡುತ್ತಾರೆ ಎಂದು ಬೀದಿಯಲ್ಲಿ ತೋರಿಸಿಕೊಟ್ಟ ಮೇಸ್ತ್ರಿಗಳಿಗೆ ಇದರಲ್ಲಿ ಪಾಲೇನೂ ಬರಲಿಲ್ಲ. ಹೊಸ ಕೆಲಸ ಕಡಿಮೆಯಾಗಿದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಕ್ಕಳನ್ನು ಈ ಕಸುಬಿಗೆ ಹಾಕುವುದಿಲ್ಲ ಎನ್ನುವವರೂ ಇದ್ದಾರೆ. ಅದಕ್ಕೆ ನಾವು ಮರುಗಬೇಕೋ, ಆ ಹುಡುಗರು ಡಿಪ್ಲೊಮಾ ಓದುತ್ತಿದ್ದಾರೆಂದು ಖುಷಿಪಡಬೇಕೋ ನಮಗೇ ತಿಳಿಯದು.

ಹಳೆಯ ಜೀಪುಗಳ ಕೆಲಸ ಮಾತ್ರ ಇನ್ನೂ ಬರುತ್ತದೆ. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿ ಮುಂದುವರಿಸಲು ಆರ್‌ಟಿಓ ತಪಾಸಣೆಗೆ ಒಯ್ಯಬೇಕು. ಆರ್.ಸಿ. ಪುಸ್ತಕದ ಪ್ರಕಾರ ಅದು ಬಟ್ಟೆಯ ಟಾಪಿನ ಗಾಡಿ. ಹಾಗಾಗಿ ತಪಾಸಣೆಯ ಹಿಂದಿನ ಸಂಜೆ ಮಾಲೀಕರು ಜೀಪನ್ನು ಮೇಸ್ತ್ರಿಯ ಶೆಡ್ಡಿಗೆ ತರುತ್ತಾರೆ. ಎಂಟು ಬೋಲ್ಟು, ಮುಂದಿನ ಎರಡು ಕೊಂಡಿ ಬಿಚ್ಚಿದರೆ ನಾಲ್ಕು ಜನ ಸೇರಿ ಟಾಪನ್ನು ಎತ್ತಿ ಖಾಲಿ ಡ್ರಮ್ಮುಗಳ ಮೇಲೆ ಇಳಿಸುತ್ತಾರೆ. ಎಲ್ಲೋ ಮಡಚಿಟ್ಟಿದ್ದ ಹಳೆಯ ಕ್ಯಾನ್ವಾಸ್ ಹುಡುಕಿ, ಕೊಡವಿ, ಕಮಾನಿಗೆ ಕಟ್ಟುತ್ತಾರೆ. ಬೆಳಿಗ್ಗೆ ಜೀಪು 1940ರಲ್ಲಿ ಹುಟ್ಟಿದ ರೂಪದಲ್ಲೇ ಆರ್‌ಟಿಓ ಕಡೆ ಹೊರಡುತ್ತದೆ. ಮಧ್ಯಾಹ್ನದ ನಮಾಜು ಮುಗಿಸಿ ಮೇಸ್ತ್ರಿ ಶೆಡ್ಡಿಗೆ ಬರುವ ಹೊತ್ತಿಗೆ ಗಾಡಿ ವಾಪಸು ಬಂದು ಬಾಗಿಲಲ್ಲಿ ನಿಂತಿರುತ್ತದೆ, ಟಾಪು ಏರಿಸಲು.